ಬೈರಿಗೆಯನ್ನು ಕೆಳಗಿಟ್ಟ ಕೈ

ಹುಳುಕು ಕಂಡರೆ ಕೊರೆ, ಗಟ್ಟಿ ತಳ ಸಿಕ್ಕುವವರೆಗೂ ಕೊರೆ: ಒಂದು ಶತಮಾನ ಕಾಲ ದಂತವೈದ್ಯರು ಪಾಲಿಸಿದ ವಿಧಿ ಇದು. ಹುಳುಕನ್ನು ಹಲ್ಲಿನೊಳಗೇ ಬಿಟ್ಟು ಬಾಗಿಲು ಮುಚ್ಚಿದರೂ ಹಲ್ಲು ಬದುಕುವುದೆಂದು ಈಗಿನ ಪ್ರಯೋಗಗಳು ಹೇಳುತ್ತಿವೆ. ಮಾರ್ಚ್ 20 ವಿಶ್ವ ಬಾಯಿ ಆರೋಗ್ಯ ದಿನ. ಆ ನಿಮಿತ್ತ, ನೂರೈವತ್ತಕ್ಕೂ ಹೆಚ್ಚು ವರ್ಷ ಹಳೆಯದಾದ ಒಂದು ವಾದದ ವಿಚಾರಣೆ.

ಐದು ವರ್ಷದ ಹುಡುಗಿ ಆ ದೊಡ್ಡ ಕುರ್ಚಿಯಲ್ಲಿ ಒರಗಿಕೊಂಡಾಗ ಅವಳ ಪಾದಗಳು ಕುರ್ಚಿಯ ಅರ್ಧದವರೆಗೂ ಬರುತ್ತಿರಲಿಲ್ಲ. ಕೈಯಲ್ಲಿ ಬಟ್ಟೆಯ ಆನೆಯೊಂದಿತ್ತು. ಅದರ ಸೊಂಡಿಲನ್ನು ಅವಳು ಎರಡು ಬೆರಳುಗಳಿಂದ ತಿರುಚುತ್ತಲೇ ಇದ್ದಳು. ನನ್ನ ತಂಗಿಯ ಮೊಮ್ಮಗಳು ಅವಳು; ಕೆಳದವಡೆಯ ಹಾಲುಹಲ್ಲೊಂದರಲ್ಲಿ ರಾಗಿಕಾಳಿಗಿಂತ ತುಸು ದೊಡ್ಡದಾದ ಕಪ್ಪು ಕುಳಿ ಬಿದ್ದು, ಮಿಠಾಯಿ ತಿಂದಾಗಲೆಲ್ಲ ಜುಮ್ಮೆನ್ನುವುದೆಂದು ಹೇಳಲಾರಂಭಿಸಿ ಒಂದು ವಾರವಾಗಿತ್ತು.

ಮೂರು ದಿನದ ಹಿಂದೆಯೇ ಆ ಹಲ್ಲಿನ ಎರಡು ಪಕ್ಕದ ಸಂದಿಗಳಲ್ಲಿ ಪುಟ್ಟ ರಬ್ಬರ್ ಉಂಗುರಗಳನ್ನು ಕೂರಿಸಿ ಕಳುಹಿಸಿದ್ದರು. ಅವು ಸಂದಿಯನ್ನು ಕೂದಲೆಳೆಯಷ್ಟು ಅಗಲಿಸಿದ್ದವು. ವೈದ್ಯೆ ಅವನ್ನು ತೆಗೆದುಹಾಕಿ, ಏನಾದರೂ ಜಾರಿ ಗಂಟಲಿಗಿಳಿಯದಂತೆ ನಾಲಿಗೆಯ ಹಿಂದೆ ಜಾಳು ಬಟ್ಟೆಯನ್ನು ಹರಡಿ, ಪೆಟ್ಟಿಗೆಯಲ್ಲಿ ಅಳತೆವಾರು ಜೋಡಿಸಿದ್ದ ಉಕ್ಕಿನ ಟೋಪಿಗಳಲ್ಲಿ ಒಂದೊಂದನ್ನಾಗಿ ಹಲ್ಲಿನ ನೆತ್ತಿಯ ಮೇಲಿಟ್ಟು ನೋಡಿದರು. ಮೂರನೆಯದು ಸರಿಹೋಯಿತು.

ಸಹಾಯಕಿ ಬಿಳಿಯ ಪುಡಿಯನ್ನೂ ದ್ರವವನ್ನೂ ಕಲಸಿ, ಕೆನೆಯಂತಾದ ಸಿಮೆಂಟನ್ನು ಟೋಪಿಯೊಳಗೆ ತುಂಬಿಕೊಟ್ಟಳು. ವೈದ್ಯೆ ಅದನ್ನು ಹೆಬ್ಬೆರಳಿನಿಂದ ಹಲ್ಲಿನ ಮೇಲೆ ಒತ್ತಿ, ನಡುವೆ ಹತ್ತಿಯ ಸುರುಳಿಯನ್ನಿಟ್ಟು, "ಈಗ ಗಟ್ಟಿಯಾಗಿ ಕಚ್ಚು ಪುಟ್ಟಿ, ಚಕ್ಕುಲಿ ಕಚ್ಚೋ ಹಾಗೆ" ಎಂದರು. ಹುಡುಗಿ ಕಚ್ಚಿದಳು. ಸಣ್ಣದೊಂದು 'ಟಕ್' ಸದ್ದು. ಸುತ್ತಲ ವಸಡು ಒಂದು ಗಳಿಗೆ ಬೆಳ್ಳಗಾಯಿತು. ಅಂಚಿನಿಂದ ಹೊರಚೆಲ್ಲಿದ ಸಿಮೆಂಟನ್ನು ಒರೆಸಿ ತೆಗೆದರು. ಎಲ್ಲ ಸೇರಿ ಹತ್ತು ನಿಮಿಷವಾಗಿರಲಿಲ್ಲ. ಸೂಜಿಯಿಲ್ಲ, ಯಂತ್ರದ ಕೀರಲು ದನಿಯಿಲ್ಲ, ಅಳುವಿಲ್ಲ.

ಇಷ್ಟು ಹೊತ್ತೂ ಬಾಗಿಲ ಬಳಿ ನಿಂತು ನೋಡುತ್ತಿದ್ದ ನನ್ನ ತಂಗಿಗೆ ಮಾತ್ರ ಸಮಾಧಾನವಾಗಿರಲಿಲ್ಲ. "ಹುಳುಕನ್ನ ಕೆರೆದು ತೆಗೀಲೇ ಇಲ್ವಲ್ಲ ಡಾಕ್ಟ್ರೇ? ಒಳಗೇ ಉಳಿದರೆ ಅದು ಬೆಳೆಯೋದಿಲ್ವಾ?"

"ಉಳೀಲಿ ಬಿಡಿ ಅಮ್ಮ," ಎಂದರು ವೈದ್ಯೆ, ಕೈಗವಸು ಕಳಚುತ್ತ. "ಬಾಗಿಲು ಮುಚ್ಚಿದೀವಿ. ಇನ್ನು ಒಳಗಿರೋದಕ್ಕೆ ಊಟ ಹಾಕೋರು ಯಾರೂ ಇಲ್ಲ."

ಟೋಮ್ಸ್ ಮತ್ತು ಬ್ಲ್ಯಾಕ್

ನನ್ನ ತಂಗಿ ಕೇಳಿದ ಪ್ರಶ್ನೆಯು ದಂತವೈದ್ಯ ಶಾಸ್ತ್ರದ ಅತ್ಯಂತ ಹಳೆಯ ವಿವಾದಗಳಲ್ಲೊಂದು ಎಂಬುದು ಅವಳಿಗೆ ತಿಳಿದಿರಲಿಲ್ಲ. 1859ರಲ್ಲಿ ಲಂಡನ್ನಿನ ಜಾನ್ ಟೋಮ್ಸ್ ತನ್ನ ದಂತಶಸ್ತ್ರವಿದ್ಯೆಯ ಗ್ರಂಥದಲ್ಲಿ ಈ ವಿಷಯವನ್ನೆತ್ತಿಕೊಂಡು, ಹಲ್ಲಿನ ಜೀವಭಾಗವಾದ ಮಜ್ಜೆಯ ಮೇಲೆ ಬಣ್ಣಗೆಟ್ಟ ಪದರವೊಂದು ಉಳಿದರೂ ಚಿಂತೆಯಿಲ್ಲ, ಅದನ್ನು ಕೆರೆಯಹೋಗಿ ಹಲ್ಲನ್ನೇ ಬಲಿಗೊಡುವುದಕ್ಕಿಂತ ಅದನ್ನು ಮಜ್ಜೆಗೆ ಹೊದಿಕೆಯಾಗಿ ಬಿಡುವುದೇ ಲೇಸು ಎಂಬ ಅಭಿಪ್ರಾಯವನ್ನು ಸೂಚಿಸಿದ್ದನು.

ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅದಕ್ಕೆ ನೇರ ವಿರುದ್ಧವಾದ ತೀರ್ಪು ಅಮೆರಿಕದಿಂದ ಬಂದಿತು. ಷಿಕಾಗೋ ನಗರದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ದಂತವೈದ್ಯ ಶಾಲೆಯ ಮುಖ್ಯಸ್ಥನಾಗಿದ್ದ ಗ್ರೀನ್ ವಾರ್ಡಿಮನ್ ಬ್ಲ್ಯಾಕ್ 1908ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ, ಮೆತ್ತಗಾದ ಭಾಗವನ್ನು ಮಜ್ಜೆಯ ಮೇಲೆ ಉಳಿಸುವುದಕ್ಕಿಂತ, ತೆಗೆಯುವಾಗ ಮಜ್ಜೆಯೇ ಬಯಲಾದರೂ ಸರಿಯೆಂದು ಖಂಡಿತವಾಗಿ ಬರೆದನು. ಅಷ್ಟೇ ಅಲ್ಲ, ಹುಳುಕಿನ ಸುತ್ತಲಿರುವ ಆರೋಗ್ಯವಂತ ಭಾಗವನ್ನೂ, ಮುಂದೆ ಅಲ್ಲಿಗೆ ಹುಳುಕು ಹರಡಬಾರದೆಂಬ ದೃಷ್ಟಿಯಿಂದ, ಮೊದಲೇ ಕೊರೆದು ತುಂಬಿಸಬೇಕೆಂದು ಬೋಧಿಸಿದನು. 'ತಡೆಗಟ್ಟುವುದಕ್ಕಾಗಿ ವಿಸ್ತರಿಸು' ಎಂಬ ಆ ಸೂತ್ರವು ಜಗತ್ತಿನ ದಂತವೈದ್ಯ ಕಾಲೇಜುಗಳಲ್ಲೆಲ್ಲ ಮೂರು ನಾಲ್ಕು ತಲೆಮಾರಿನ ವಿದ್ಯಾರ್ಥಿಗಳಿಗೆ ಮಂತ್ರೋಪದೇಶವಾಯಿತು.

ಬ್ಲ್ಯಾಕನನ್ನು ಇಂದು ನಿಂದಿಸುವವರುಂಟು. ಅದು ನ್ಯಾಯವೆಂದು ನನಗೆ ತೋರುವುದಿಲ್ಲ. ಅವನ ಕಾಲದಲ್ಲಿ ಹಲ್ಲಿಗೆ ಅಂಟಿಕೊಳ್ಳುವ ಪದಾರ್ಥವೊಂದೂ ಇರಲಿಲ್ಲ. ಪಾದರಸ ಬೆಳ್ಳಿಗಳ ಮಿಶ್ರಣವು ಕುಳಿಯಲ್ಲಿ ನಿಲ್ಲಬೇಕಾದರೆ ಕುಳಿಯ ಬಾಯಿ ಕಿರಿದಾಗಿ ತಳ ಅಗಲವಾಗಿ ಹೂಜಿಯಂತೆ ಇರಬೇಕಾಗಿತ್ತು, ಆ ಆಕಾರವನ್ನು ಕೊಡುವುದಕ್ಕೆ ಗಟ್ಟಿ ಹಲ್ಲನ್ನೂ ಕಡಿಯದೆ ವಿಧಿಯಿರಲಿಲ್ಲ. ಫ್ಲೋರೈಡ್ ಇರುವ ಪೇಸ್ಟ್ ಹುಟ್ಟಿರಲಿಲ್ಲ. ಕೈಯಲ್ಲಿದ್ದ ಸಾಧನಗಳಿಂದ ಹಲ್ಲನ್ನು ಉಳಿಸುವುದಕ್ಕೆ ಆ ಮಹಾನುಭಾವನು ಕಂಡುಕೊಂಡ ಮಾರ್ಗ ಅದು. ತಪ್ಪಾದುದೇನೆಂದರೆ, ಸಾಧನಗಳು ಬದಲಾದ ಮೇಲೂ ಸೂತ್ರವು ಬದಲಾಗದೆ ಉಳಿದದ್ದು.

ಯಂತ್ರಗಳಾದರೋ ಆ ಸೂತ್ರಕ್ಕೆ ರೆಕ್ಕೆ ಕಟ್ಟಿದುವು. 1871ರಲ್ಲಿ ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿಯುವ ಬೈರಿಗೆ ಬಂದಿತು. 1875ರಲ್ಲಿ ವಿದ್ಯುತ್ತಿನ ಬೈರಿಗೆ. 1957ರಲ್ಲಿ ಗಾಳಿಯ ಒತ್ತಡದಿಂದ ನಿಮಿಷಕ್ಕೆ ಮೂರು ಲಕ್ಷ ಸುತ್ತು ತಿರುಗುವ ಏರೋಟರ್. ಇದರ ಮುಂದೆ, ದೇಹದಲ್ಲೆಲ್ಲ ಅತ್ಯಂತ ಕಠಿಣವಾದ ವಸ್ತುವೆನಿಸಿದ ಎನಾಮೆಲ್ ಕೂಡ ಬೆಣ್ಣೆಯಾಯಿತು.

ನನ್ನ ಒಂದು ದವಡೆ ಹಲ್ಲು

ಹದಿನಾಲ್ಕನೆಯ ವಯಸ್ಸಿನಲ್ಲಿ ನನ್ನ ಬಲದವಡೆಯ ಹಲ್ಲೊಂದರ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಂಡಿತು. ನೋವಿರಲಿಲ್ಲ. ಶಾಲೆಯ ತಪಾಸಣೆಯಲ್ಲಿ ಗುರುತುಮಾಡಿದ್ದರಿಂದ ಅಪ್ಪ ಪೇಟೆಯ ದಂತವೈದ್ಯರೊಬ್ಬರಲ್ಲಿಗೆ ಕರೆದೊಯ್ದರು. ಅವರು ಅಂದಿನ ವಿಧಿಯಂತೆ ಹಲ್ಲಿನ ನೆತ್ತಿಯ ಸೀಳುಗಳನ್ನೆಲ್ಲ ಒಂದುಗೂಡಿಸಿ ಕೊರೆದು 'ಬೆಳ್ಳಿ' ತುಂಬಿಸಿದರು.

ಹನ್ನೆರಡು ವರ್ಷದ ಮೇಲೆ ಆ ಬೆಳ್ಳಿಯ ಅಂಚು ಸಡಿಲವಾಯಿತೆಂದು ಅದನ್ನು ತೆಗೆದು ಇನ್ನೂ ದೊಡ್ಡದನ್ನು ಕೂರಿಸಿದರು. ಮುಂದೊಂದು ದಿನ ಹುರಿಗಡಲೆ ಕಚ್ಚಿದಾಗ ಹಲ್ಲಿನ ಒಂದು ಗೋಡೆ ಮುರಿಯಿತು. ರೂಟ್ ಕೆನಾಲ್ ಆಯಿತು, ಕ್ಯಾಪ್ ಹಾಕಿದ್ದಾಯಿತು. ಕೊನೆಗೆ ಬೇರು ಸೀಳಿ, ಐವತ್ತೆರಡನೆಯ ವಯಸ್ಸಿನಲ್ಲಿ ಹಲ್ಲನ್ನು ಕೀಳಿಸಿಕೊಂಡು ಬಂದೆನು. ಅಂಗೈ ಮೇಲೆ ಇಟ್ಟುಕೊಂಡು ನೋಡಿದಾಗ ಅದರಲ್ಲಿ ಹಲ್ಲು ಎನ್ನಬಹುದಾದ ಭಾಗ ಬಹಳ ಕಡಿಮೆಯಿತ್ತು.

ಆ ವೈದ್ಯರಲ್ಲಿ ಯಾರೂ ಅಶ್ರದ್ಧೆಯಿಂದ ಕೆಲಸ ಮಾಡಿದವರಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅಧ್ಯಾಪಕರಾಗಿದ್ದ ರಿಚರ್ಡ್ ಎಲ್ಡರ್ಟನ್ ಎಂಬವರು ಇದೇ ಕಥೆಯನ್ನು ಸಾವಿರಾರು ಹಲ್ಲುಗಳಿಗೆ ಸಾಮಾನ್ಯವಾದ ಗತಿಯೆಂದು 1980ರ ದಶಕದಲ್ಲಿ ಎತ್ತಿ ತೋರಿಸಿದರು: ಒಮ್ಮೆ ತುಂಬಿಸಿದ ಹಲ್ಲು ಮತ್ತೆ ತುಂಬಿಸಬೇಕಾಗುವ ಹಲ್ಲು, ಪ್ರತಿಸಲವೂ ಕುಳಿ ದೊಡ್ಡದಾಗುವುದು, ಗೋಡೆ ತೆಳ್ಳಗಾಗುವುದು. ಆದುದರಿಂದ ಹಲ್ಲಿನ ಆಯುಷ್ಯವನ್ನು ನಿರ್ಧರಿಸುವುದು ಮೊದಲನೆಯ ಕೊರೆತ. ಅದನ್ನು ಹತ್ತು ವರ್ಷ ಮುಂದೂಡಬಲ್ಲ ವೈದ್ಯರು ಹಲ್ಲಿಗೆ ಹತ್ತಕ್ಕಿಂತ ಹೆಚ್ಚು ವರ್ಷಗಳನ್ನು ಕೊಟ್ಟಂತಾಗುವುದೆಂದೇ ನನ್ನ ನಂಬಿಕೆ.

[ಚೌಕಟ್ಟು] ಕಲ್ಲಿನ ಮೊನೆಯ ಕಾಲ
ಉತ್ತರ ಇಟಲಿಯ ವಿಲ್ಲಬ್ರೂನ ಎಂಬಲ್ಲಿ ಸಿಕ್ಕಿದ, ಸುಮಾರು 14,000 ವರ್ಷ ಹಿಂದಿನ ತರುಣನೊಬ್ಬನ ದವಡೆ ಹಲ್ಲಿನಲ್ಲಿ ಹುಳುಕನ್ನು ಚಕಮಕಿ ಕಲ್ಲಿನ ಮೊನೆಯಿಂದ ಕೆರೆದ ಗುರುತುಗಳಿವೆ. ಬಲೂಚಿಸ್ತಾನದ ಮೆಹರ್‌ಗಢದ ಸ್ಮಶಾನದಲ್ಲಿ 7,500ರಿಂದ 9,000 ವರ್ಷ ಹಿಂದಿನ ಒಂಬತ್ತು ಜನರ ಬಾಯಲ್ಲಿ ಕೊರೆದ ಹನ್ನೊಂದು ದವಡೆ ಹಲ್ಲುಗಳು ದೊರೆತಿವೆ. ಮಣಿಗಳಿಗೆ ತೂತು ಹಾಕುವ ಬಿಲ್ಲು ಬೈರಿಗೆಯಂಥ ಸಾಧನದಿಂದಲೇ ಅವನ್ನು ಕೊರೆದಿರಬೇಕೆಂದು ವಿದ್ವಾಂಸರ ಊಹೆ. ಕೆರೆಯುವುದು ಮೊದಲು, ಕೊರೆಯುವುದು ಆಮೇಲೆ.

ಹುಳುವಿಲ್ಲದ ಹುಳುಕು

ಹುಳುಕು ಎಂಬ ನಮ್ಮ ಮಾತಿನಲ್ಲೇ ಹುಳು ಕುಳಿತಿದೆ. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಚೆಲ್ಲಿ ಅದರ ಹೊಗೆಯನ್ನು ಬಾಯಿಗೆ ಹಿಡಿಸಿ ಹುಳು ಬೀಳಿಸುವವರನ್ನು ನಮ್ಮ ಹಳ್ಳಿಗಳ ಹಿರಿಯರು ಕಂಡಿದ್ದಾರೆ. ಫ್ರಾನ್ಸಿನ ಪಿಯರ್ ಫೋಷಾರ್ 1728ರಲ್ಲೇ ಹಲ್ಲಿನಲ್ಲಿ ಅಂಥ ಹುಳು ತನ್ನ ಕಣ್ಣಿಗೆ ಬೀಳಲಿಲ್ಲವೆಂದು ಹೇಳಿದ್ದನಾದರೂ, ಒಳಗೆ ಸೇರಿಕೊಂಡ ಶತ್ರುವನ್ನು ಬುಡಸಹಿತ ಕಿತ್ತು ಹೊರಹಾಕಬೇಕೆಂಬ ಭಾವನೆ ಮಾತ್ರ ರೋಗಿಗಳಲ್ಲಿಯೂ ವೈದ್ಯರಲ್ಲಿಯೂ ಉಳಿದುಕೊಂಡಿತು.

ಇಂದಿನ ತಿಳಿವಳಿಕೆಯಲ್ಲಿ ಹುಳುಕೆಂಬುದು ಒಳನುಗ್ಗಿದ ಶತ್ರುವಿಗಿಂತ ಹೆಚ್ಚಾಗಿ ಏರುಪೇರಾದ ತಕ್ಕಡಿ. ಹಲ್ಲಿನ ಮೇಲೆ ಕಟ್ಟಿಕೊಳ್ಳುವ ಪಾಚಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಆಮ್ಲವನ್ನು ಹುಟ್ಟಿಸುವುವು. ಆಮ್ಲವು ಎನಾಮೆಲ್ಲಿನ ಸುಣ್ಣದಂಶವನ್ನು ಕರಗಿಸುವುದು. ಅದು ನಿಂತ ಮೇಲೆ ಎಂಜಲು ಅದೇ ಅಂಶವನ್ನು ಮರಳಿ ತಂದು ತುಂಬುವುದು. ದಿನಕ್ಕೆ ಹಲವು ಸಲ ನಡೆಯುವ ಈ ಕೊಡುಕೊಳ್ಳುವಿಕೆಯಲ್ಲಿ ನಷ್ಟದ ಪಾಲು ಹೆಚ್ಚಿದಾಗ ಮೊದಲು ಸೀಮೆಸುಣ್ಣದಂಥ ಬಿಳಿಯ ಮಚ್ಚೆ, ಬಳಿಕ ಕುಳಿ. ಬಿಳಿಯ ಮಚ್ಚೆಯ ಹಂತದಲ್ಲಿ ಫ್ಲೋರೈಡಿನ ನೆರವು ದೊರೆತರೆ ತಕ್ಕಡಿ ಹಿಂದಕ್ಕೆ ವಾಲಬಲ್ಲುದು.

ಕುಳಿ ಬಿದ್ದ ಮೇಲೆಯೂ ಹಲ್ಲು ಕೈಚೆಲ್ಲಿ ಕುಳಿತಿರುವುದಿಲ್ಲ. ಎನಾಮೆಲ್ಲಿನ ಕೆಳಗಿನ ಡೆಂಟಿನ್ ಪದರಕ್ಕೆ ಮಜ್ಜೆಯ ಜೀವಕೋಶಗಳ ಸಂಪರ್ಕವುಂಟು. ಅಪಾಯ ಸಮೀಪಿಸುತ್ತಿದೆಯೆಂದು ಅರಿತು ಅವು ಒಳಗಿನಿಂದ ಹೊಸ ಗೋಡೆಯನ್ನು ಕಟ್ಟಲು ಆರಂಭಿಸುವುವು. ಆ ಕಟ್ಟಡಕ್ಕೆ ಕಾಲಾವಕಾಶ ಬೇಕು, ಹೊರಗಿನಿಂದ ಸಕ್ಕರೆಯ ಸರಬರಾಜು ನಿಲ್ಲಬೇಕು. ವೈದ್ಯೆ ಆಡಿದ 'ಊಟ ಹಾಕೋರು ಇಲ್ಲ' ಎಂಬ ಮಾತಿನ ಶಾಸ್ತ್ರಾರ್ಥ ಇದೇ.

ಬಾಗಿಲನ್ನು ಭದ್ರವಾಗಿ ಮುಚ್ಚಲು ತಕ್ಕ ಪದಾರ್ಥವೂ ಬೇಕಲ್ಲವೆ? 1955ರಲ್ಲಿ ಅಮೆರಿಕದ ಮೈಕೆಲ್ ಬ್ಯುನೊಕೊರ್ ಎನಾಮೆಲ್ಲಿಗೆ ಫಾಸ್ಫರಿಕ್ ಆಮ್ಲವನ್ನು ಸವರಿ ಅದನ್ನು ಒರಟುಮಾಡಿದರೆ ರಾಳದ ಪದಾರ್ಥಗಳು ಬಿಗಿಯಾಗಿ ಹಿಡಿದುಕೊಳ್ಳುವುವೆಂದು ತೋರಿಸಿದರು. 1972ರಲ್ಲಿ ಲಂಡನ್ನಿನ ಸರ್ಕಾರಿ ರಸಾಯನ ಪ್ರಯೋಗಶಾಲೆಯ ವಿಲ್ಸನ್ ಮತ್ತು ಕೆಂಟ್ ಪ್ರಕಟಿಸಿದ ಗ್ಲಾಸ್ ಅಯಾನೊಮರ್ ಸಿಮೆಂಟ್ ಹಲ್ಲಿಗೆ ತಾನಾಗಿಯೇ ಅಂಟುವುದಲ್ಲದೆ ಫ್ಲೋರೈಡನ್ನು ಮೆಲ್ಲಮೆಲ್ಲನೆ ಬಿಡುವುದು. ಹೂಜಿಯಾಕಾರದ ಕುಳಿಗೆ ಅಂದೇ ಅವಶ್ಯಕತೆ ತಪ್ಪಿತು.

ಹುಳುಕನ್ನು ಒಳಗಿಟ್ಟು ಕಾದವರು

ಆದರೂ, ಹುಳುಕನ್ನು ಬುದ್ಧಿಪೂರ್ವಕವಾಗಿ ಒಳಗೇ ಬಿಡುವುದಕ್ಕೆ ಧೈರ್ಯ ಬೇಕಾಗಿತ್ತು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಈವಾ ಮರ್ಟ್ಸ್-ಫೇರ್‌ಹರ್ಸ್ಟ್ ಮತ್ತು ಅವರ ಸಹೋದ್ಯೋಗಿಗಳು ಆ ಧೈರ್ಯ ಮಾಡಿ, ಡೆಂಟಿನ್‌ವರೆಗೂ ಇಳಿದಿದ್ದ ಹುಳುಕನ್ನು ತೆಗೆಯದೆ ಮೇಲೆ ರಾಳದ ಮುಚ್ಚಳವನ್ನು ಭದ್ರಪಡಿಸಿ, ಒಂದಲ್ಲ ಎರಡಲ್ಲ, ಹತ್ತು ವರ್ಷ ಆ ಹಲ್ಲುಗಳನ್ನು ಪರೀಕ್ಷಿಸುತ್ತ ಹೋದರು. 1998ರಲ್ಲಿ ಪ್ರಕಟವಾದ ಅವರ ವರದಿಯ ಸಾರವಿಷ್ಟೆ: ಮುಚ್ಚಳ ಭದ್ರವಾಗಿದ್ದ ಕಡೆಗಳಲ್ಲಿ ಹುಳುಕು ನಿಂತಲ್ಲೇ ನಿಂತಿತ್ತು.

ಆಳವಾದ ಹುಳುಕಿನ ವಿಷಯದಲ್ಲಿ ಬ್ರೆಜಿಲ್ಲಿನ ಮರೀಸ ಮಾಲ್ಟ್ಸ್ ಅವರ ತಂಡ ನಡೆಸಿದ ಪ್ರಯೋಗ ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಹಿಂದಿನ ಎಚ್ಚರಿಕೆಯ ಪದ್ಧತಿಯಂತೆ ಮೊದಲ ಭೇಟಿಯಲ್ಲಿ ಸ್ವಲ್ಪ ಕೆರೆದು ತಾತ್ಕಾಲಿಕವಾಗಿ ಮುಚ್ಚಿ, ಕೆಲವು ತಿಂಗಳ ಮೇಲೆ ಮತ್ತೆ ತೆರೆದು ಉಳಿದದ್ದನ್ನು ತೆಗೆಯಬೇಕು. ಇವರು ಅದರ ಪಕ್ಕದಲ್ಲಿ, ಒಂದೇ ಸಲ ಕೆರೆದು ಮಜ್ಜೆಯ ಸಮೀಪದ್ದನ್ನು ಹಾಗೆಯೇ ಬಿಟ್ಟು ಶಾಶ್ವತವಾಗಿ ಮುಚ್ಚುವ ಪದ್ಧತಿಯನ್ನಿಟ್ಟು ನೋಡಿದರು. ಮೂರು ವರ್ಷದ ಕೊನೆಗೆ, ಒಂದೇ ಸಲಕ್ಕೆ ಮುಚ್ಚಿದ ಹಲ್ಲುಗಳಲ್ಲಿ ನೂರಕ್ಕೆ 91 ಜೀವಂತವಾಗಿದ್ದುವು. ಎರಡು ಸಲದ ಪದ್ಧತಿಯಲ್ಲಿ 69 ಮಾತ್ರ.

ಈ ಅಂತರಕ್ಕೆ ಒಂದು ಮುಖ್ಯ ಕಾರಣ, ಎರಡನೆಯ ಭೇಟಿಗೆ ಬಾರದೆ ಉಳಿದವರು. ನೋವು ನಿಂತಿತು, ಬಸ್ಸಿನ ಖರ್ಚು ಏಕೆ, ಕೂಲಿ ಏಕೆ ಕಳೆದುಕೊಳ್ಳಬೇಕು ಎಂದು ಮನೆಯಲ್ಲೇ ಉಳಿಯುವ ರೋಗಿಯನ್ನು ನಾವು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ದಿನವೂ ಕಾಣುತ್ತೇವೆ. ಆದುದರಿಂದ ಬ್ರೆಜಿಲ್ಲಿನ ಈ ಲೆಕ್ಕ ನಮ್ಮದೂ ಹೌದು.

ಹಾಗೆಂದು, ಹಲ್ಲನ್ನೇ ಹೊದಿಸುವ ಟೋಪಿಯ ಮಾತು ಬೇರೆ, ಕುಳಿ ತುಂಬಿಸುವಾಗ ಏನನ್ನೂ ಕೆರೆಯದೆ ಸಿಮೆಂಟ್ ಮೆತ್ತಿ ಕಳುಹಿಸುವುದು ಈ ವಿದ್ಯೆಯಲ್ಲ. ಕುಳಿಯ ಸುತ್ತಂಚನ್ನು ಗಟ್ಟಿ ಹಲ್ಲು ಸಿಗುವವರೆಗೂ ಶುಚಿಮಾಡಲೇಬೇಕು, ಮುಚ್ಚಳದ ಬಿಗಿತ ನಿಂತಿರುವುದು ಅಲ್ಲಿಯೇ. ಮಜ್ಜೆಯ ನೆತ್ತಿಗೆ ಬಂದಾಗ ಮಾತ್ರ ಕೈ ತಡೆಯಬೇಕು. ಕಿರುಚಮಚದಂಥ ಉಪಕರಣದ ಕೆಳಗೆ ಮೊದಲು ನೆನೆದ ರೊಟ್ಟಿಯಂತೆ ಎದ್ದು ಬರುವ ಪದರ, ಅದರಡಿ ತೊಗಲಿನ ಚಕ್ಕೆಯಂತೆ ಏಳುವ ಪದರ, ಇನ್ನೂ ಕೆಳಗೆ ಕೆರೆದರೆ 'ಕರಕರ' ಎನ್ನುವ ಗಟ್ಟಿ ಪದರ. ಎಲ್ಲಿ ನಿಲ್ಲಬೇಕೆಂಬುದನ್ನು ಕಣ್ಣಿಗಿಂತ ಬೆರಳು ಬಲ್ಲುದು. ಬಣ್ಣವನ್ನು ನಂಬುವಂತಿಲ್ಲ, ಕಪ್ಪಗಿದ್ದರೂ ಗಟ್ಟಿಯಾದದ್ದು ನಿದ್ರಿಸುತ್ತಿರುವ ಹುಳುಕು.

ಸ್ಕಾಟ್ಲೆಂಡಿನ ಟೋಪಿ

ನಮ್ಮ ಹುಡುಗಿಯ ಹಲ್ಲಿಗೆ ಕೂತ ಉಕ್ಕಿನ ಟೋಪಿಯ ಹಿಂದೆ ನಾರ್ನಾ ಹಾಲ್ ಎಂಬ ಸ್ಕಾಟ್ಲೆಂಡಿನ ವೈದ್ಯೆಯ ಹೆಸರಿದೆ. ಆಕೆ ಯಾವ ವಿಶ್ವವಿದ್ಯಾಲಯದ ಪೀಠದಲ್ಲಿಯೂ ಕುಳಿತವರಲ್ಲ. ಊರಿನ ಮಕ್ಕಳ ಹಲ್ಲು ನೋಡುತ್ತಿದ್ದ ಸಾಮಾನ್ಯ ದಂತವೈದ್ಯೆ. 1980ರ ದಶಕದ ಕೊನೆಯಿಂದ ಆಕೆ ಹಾಲುಹಲ್ಲಿನ ಹುಳುಕನ್ನು ಮುಟ್ಟದೆ, ಮದ್ದಿನ ಸೂಜಿ ಚುಚ್ಚದೆ, ಟೋಪಿಯನ್ನು ಒತ್ತಿ ಮುಚ್ಚತೊಡಗಿದರು; ಪ್ರತಿಯೊಂದನ್ನೂ ತಪ್ಪದೆ ಬರೆದಿಟ್ಟರು. ಸಾವಿರಕ್ಕೆ ಸಮೀಪಿಸುವಷ್ಟು ಟೋಪಿಗಳ ಆ ದಾಖಲೆಯು 2006ರಲ್ಲಿ ಪ್ರಕಟವಾದಾಗ ಪಂಡಿತರು ಅದನ್ನು ಕಡೆಗಣಿಸಲಾಗಲಿಲ್ಲ. ದಾಖಲೆ ಇಡುವ ಶ್ರದ್ಧೆಯಿಲ್ಲದಿದ್ದರೆ ಈ ಯುಕ್ತಿ ಆ ಊರಿನಲ್ಲೇ ಹುಟ್ಟಿ ಆ ಊರಿನಲ್ಲೇ ಅಡಗುತ್ತಿತ್ತು.

ಬಳಿಕ ಡಂಡೀ ವಿಶ್ವವಿದ್ಯಾಲಯದ ನಿಕೊಲಾ ಇನ್ಸ್ ಮತ್ತು ಡಾಫಿಡ್ ಎವನ್ಸ್ ಅವರ ತಂಡ ಇದನ್ನು ಕಟ್ಟುನಿಟ್ಟಾದ ಪರೀಕ್ಷೆಗೊಡ್ಡಿತು: 17 ಮಂದಿ ದಂತವೈದ್ಯರು, 132 ಮಕ್ಕಳು, ಒಂದೇ ಮಗುವಿನ ಬಾಯಲ್ಲಿ ಒಂದು ಹಲ್ಲಿಗೆ ಟೋಪಿ, ಅದರ ಜೋಡಿಗೆ ವಾಡಿಕೆಯ ಚಿಕಿತ್ಸೆ. ಐದು ವರ್ಷಗಳಲ್ಲಿ ಕೀವು, ನೋವುಗಳಂಥ ದೊಡ್ಡ ಸೋಲು ವಾಡಿಕೆಯ ಹಲ್ಲುಗಳಲ್ಲಿ ನೂರಕ್ಕೆ 16.5ರಷ್ಟಿದ್ದರೆ ಟೋಪಿಯ ಹಲ್ಲುಗಳಲ್ಲಿ 3 ಮಾತ್ರ. ಯಾವುದು ಇಷ್ಟವಾಯಿತೆಂದು ಕೇಳಿದಾಗ ಮಕ್ಕಳಲ್ಲಿ ಮುಕ್ಕಾಲುಪಾಲಿಗಿಂತ ಹೆಚ್ಚು ಮಂದಿ ಟೋಪಿಯನ್ನೇ ಆರಿಸಿಕೊಂಡರು.

ಕರೆಂಟ್ ಇಲ್ಲದ ಊರಿನ ವಿದ್ಯೆ

ಇದೇ ವಿಚಾರ ಇನ್ನೊಂದು ದಿಕ್ಕಿನಿಂದಲೂ, ಬಡತನದ ಬಾಗಿಲಿನಿಂದ, ಬಂದಿತು. 1980ರ ದಶಕದ ನಡುವಿನಲ್ಲಿ ಟಾಂಜಾನಿಯದಲ್ಲಿ ಕೆಲಸ ಮಾಡುತ್ತಿದ್ದ ಡಚ್ ದಂತವೈದ್ಯ ಯೋ ಫ್ರೆಂಕನ್, ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ಹಲ್ಲು ಕೀಳುವುದೊಂದನ್ನುಳಿದು ಬೇರೆ ಚಿಕಿತ್ಸೆಯೇ ಇಲ್ಲದಿರುವುದನ್ನು ಕಂಡು, ಬರಿಯ ಕೈ ಉಪಕರಣಗಳಿಂದ ಕೆರೆದು ಅಂಟುವ ಸಿಮೆಂಟನ್ನು ಬೆರಳಿನಿಂದ ಒತ್ತಿ ತುಂಬುವ ಕ್ರಮವನ್ನು ರೂಪಿಸಿದರು. ಮೇಜಿನ ಮೇಲೆ ಮಲಗಿಸಿ, ಹಗಲಿನ ಬೆಳಕಿನಲ್ಲಿ ಮಾಡಬಹುದಾದ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ಬಾಯಿಯ ಆರೋಗ್ಯವನ್ನೇ ವಿಷಯವಾಗಿಟ್ಟುಕೊಂಡ 1994ರ ಆರೋಗ್ಯ ದಿನದಂದು ಇದನ್ನು ಜಗತ್ತಿನ ಮುಂದಿಟ್ಟಿತು.

ಇದಕ್ಕೂ ಮಿತಿಯುಂಟು, ಮುಚ್ಚಿಡಬಾರದು. ಹಾಲುಹಲ್ಲಿನ ಒಂದೇ ಮೈಯಲ್ಲಿ ಹುಳುಕಿದ್ದರೆ ಈ ತುಂಬಿಕೆ ಎರಡು ವರ್ಷದ ಮೇಲೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹಲ್ಲುಗಳಲ್ಲಿ ನಿಂತಿರುತ್ತದೆ. ಹುಳುಕು ಪಕ್ಕದ ಹಲ್ಲಿನ ಕಡೆಗೂ ಇಳಿದಿದ್ದರೆ ಅರುವತ್ತರ ಆಸುಪಾಸು ಮಾತ್ರ. ಅಂಥಲ್ಲಿ ಉಕ್ಕಿನ ಟೋಪಿಯೇ ಮೇಲು.

ಇನ್ನೂ ಸುಲಭವಾದದ್ದು ಒಂದು ಹನಿ ಔಷಧ. ಬೆಳ್ಳಿ ಮತ್ತು ಫ್ಲೋರೈಡ್ ಸೇರಿದ 38 ಪ್ರತಿಶತದ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವ 1970ರಿಂದ ಜಪಾನಿನಲ್ಲಿ ಬಳಕೆಯಲ್ಲಿದೆ. ಪುಟ್ಟ ಕುಂಚದಿಂದ ಹುಳುಕಿಗೆ ಸವರಿ ಒಂದು ನಿಮಿಷ ಬಿಟ್ಟರೆ ಬೆಳ್ಳಿ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು, ಫ್ಲೋರೈಡ್ ಹಲ್ಲನ್ನು ಗಟ್ಟಿಮಾಡುವುದು. ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ ಸಾವಿರಾರು ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಹೊರಬಂದಿತು: ಎರಡು ವರ್ಷದ ಮೇಲೆ ನೋಡಿದಾಗ ಈ ದ್ರವ ಸವರಿದ ಮಕ್ಕಳೂ, ಸೀಳುಗಳಿಗೆ ಮುಚ್ಚಳ ಹಾಕಿ ಕುಳಿಗಳಿಗೆ ಸಿಮೆಂಟ್ ತುಂಬಿಸಿದ ಮಕ್ಕಳೂ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದರು.

ಬೆಲೆ ತೆರಬೇಕಾದದ್ದು ಬಣ್ಣದಲ್ಲಿ. ಸವರಿದ ಹುಳುಕು ಕಾಡಿಗೆಯಂತೆ ಕಪ್ಪಾಗುವುದು, ಆ ಕಪ್ಪು ಹೋಗುವುದಿಲ್ಲ. ಮುಂದಿನ ಹಲ್ಲಾದರೆ ತಾಯಿ ತಂದೆಯರಿಗೆ ಮೊದಲೇ ಚಿತ್ರ ತೋರಿಸಿ ಒಪ್ಪಿಗೆ ಪಡೆಯುವುದು ಧರ್ಮ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯವಶ್ಯಕ ಔಷಧಗಳ ಪಟ್ಟಿಯಲ್ಲಿ ಈ ದ್ರವಕ್ಕೂ, ಗ್ಲಾಸ್ ಅಯಾನೊಮರ್ ಸಿಮೆಂಟಿಗೂ, ಫ್ಲೋರೈಡ್ ಪೇಸ್ಟಿಗೂ ಸ್ಥಾನ ಕೊಟ್ಟಿತು.

[ಚೌಕಟ್ಟು] ಪರಂಗಿಹಣ್ಣಿನ ಸತ್ವ, ಲೇಸರ್ ಕಿರಣ
ಬ್ರೆಜಿಲ್ಲಿನಲ್ಲಿ 2003ರಲ್ಲಿ ಬಂದ ಪಪಾಕೇರಿ ಎಂಬ ಲೇಪದ ಮುಖ್ಯ ಸತ್ವ ಪರಂಗಿಕಾಯಿಯ ಹಾಲಿನದು. ಅದು ಕೊಳೆತ ಡೆಂಟಿನ್ ಅನ್ನು ಮೆತ್ತಗೆ ಮಾಡಿ, ಗಟ್ಟಿಯಾದದ್ದನ್ನು ಬಿಡುತ್ತದೆ. ನೋವು ಕಡಿಮೆ, ಸಮಯ ಮಾತ್ರ ಹೆಚ್ಚು. ಲೇಸರಿನಿಂದ ಕೊರೆಯುವುದು ಜಾಹೀರಾತುಗಳಲ್ಲಿ ಬಹಳ ಮಿಂಚುತ್ತದೆ. ಬೈರಿಗೆಗಿಂತ ಅದು ಮೇಲೆಂದು ನಿಶ್ಚಯವಾಗಿ ಹೇಳುವಷ್ಟು ಪುರಾವೆ, ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ 2016ರ ಕೊಕ್ರೇನ್ ವಿಮರ್ಶೆಗೆ ದೊರೆಯಲಿಲ್ಲ.

ಹಲ್ಲಿನ ಲೆಕ್ಕ, ಮಗುವಿನ ಲೆಕ್ಕ

ಇಷ್ಟನ್ನು ಓದಿ ಉತ್ಸಾಹಗೊಂಡವರು ಬ್ರಿಟನ್ನಿನ ಫಿಕ್ಷನ್ ಎಂಬ ಪ್ರಯೋಗದ ಫಲಿತಾಂಶವನ್ನೂ ಕೇಳಬೇಕು. ಹುಳುಕು ಹಲ್ಲಿದ್ದ ಮೂರರಿಂದ ಏಳು ವರ್ಷದ 1,144 ಮಕ್ಕಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಕೊರೆದು ತುಂಬುವ ಚಿಕಿತ್ಸೆಯನ್ನೂ, ಇನ್ನೊಂದಕ್ಕೆ ಮುಚ್ಚುವ ಚಿಕಿತ್ಸೆಯನ್ನೂ ಕೊಟ್ಟು, ಮೂರನೆಯದಕ್ಕೆ ಹಲ್ಲುಜ್ಜುವುದು, ಆಹಾರ, ಫ್ಲೋರೈಡ್ ಲೇಪಗಳ ತಡೆ ಕ್ರಮವನ್ನಷ್ಟೇ ನಡೆಸಿದರು. ಸುಮಾರು ಮೂರು ವರ್ಷದ ಅವಧಿಯಲ್ಲಿ ನೋವು ಅಥವಾ ಕೀವಿಗೆ ತುತ್ತಾದವರು ಕ್ರಮವಾಗಿ ನೂರಕ್ಕೆ 42, 40, 45. ವ್ಯತ್ಯಾಸವೆಂದು ಹೇಳಿಕೊಳ್ಳುವಂಥದ್ದು ಇರಲಿಲ್ಲ.

ಹಾಲ್ ಟೋಪಿಯ ಜಯಕ್ಕೂ ಇದಕ್ಕೂ ವಿರೋಧವುಂಟೆಂದು ಮೇಲುನೋಟಕ್ಕೆ ತೋರಬಹುದು. ಅಲ್ಲಿ ಎಣಿಸಿದ್ದು ಚಿಕಿತ್ಸೆ ಪಡೆದ ಹಲ್ಲನ್ನು, ಇಲ್ಲಿ ಎಣಿಸಿದ್ದು ಮಗುವನ್ನು. ಮುಚ್ಚಿದ ಹಲ್ಲು ಕ್ಷೇಮವಾಗಿದ್ದರೂ ಅದರ ಪಕ್ಕದ ಹಲ್ಲು, ಮೇಲಿನ ಹಲ್ಲು, ಅದೇ ಬಾಯಲ್ಲಿ ಅದೇ ಸಕ್ಕರೆಯ ನಡುವೆ ಇರುವುವಲ್ಲವೆ? ಐದನೆಯ ವಯಸ್ಸಿಗೆ ಹುಳುಕಿನ ಹಾದಿ ಹಿಡಿದ ಬಾಯಿಯನ್ನು ವೈದ್ಯರ ಕುರ್ಚಿಯೊಂದೇ ಹಿಂದಿರುಗಿಸಲಾರದು. ಆದರೆ ಇದೇ ಅಂಕಿಗಳು ಇನ್ನೊಂದು ಮಾತನ್ನೂ ಹೇಳುತ್ತಿವೆ: ಅಷ್ಟು ಸೂಜಿ, ಅಷ್ಟು ಕೊರೆತ, ಅಷ್ಟು ಅಳು, ಇವುಗಳಿಂದ ಮಕ್ಕಳಿಗೆ ದೊರೆತ ಹೆಚ್ಚಿನ ರಕ್ಷಣೆ ಏನೂ ಇಲ್ಲ.

ಜಗತ್ತಿನಲ್ಲಿ ಚಿಕಿತ್ಸೆ ಕಾಣದ ಹುಳುಕು ಹಾಲುಹಲ್ಲುಗಳಿರುವ ಮಕ್ಕಳು 51 ಕೋಟಿಗೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳುತ್ತದೆ. ಅವರೆಲ್ಲರಿಗೂ ಏರೋಟರ್ ಇರುವ ಕುರ್ಚಿ ಒದಗುವ ದಿನವನ್ನು ಕಾಯುವುದು ಯಾರಿಂದಲೂ ಸಾಧ್ಯವಿಲ್ಲ.

[ಚೌಕಟ್ಟು] ಮನೆಯಲ್ಲಿ
ಮೊದಲ ಹಲ್ಲು ಮೂಡಿದ ದಿನದಿಂದ ಉಜ್ಜಬೇಕು. ಸುಮಾರು 1,000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್, ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು; ಉಜ್ಜುವುದು ದೊಡ್ಡವರ ಕೈ. ರಾತ್ರಿ ಉಜ್ಜಿದ ಮೇಲೆ ನೀರಿನ ಹೊರತು ಬೇರೇನೂ ಬೇಡ. ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದು ಮುಂದಿನ ಹಲ್ಲುಗಳಿಗೆ ಬಹಳ ಕೆಟ್ಟದ್ದು. ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ವೈದ್ಯರ ಸಲಹೆ ಪಡೆದೇ ಮುಂದುವರಿಯಬೇಕು.

ಕಲೆ ಬಿದ್ದ ಹಲ್ಲುಗಳು

ಬ್ಲ್ಯಾಕನ ಜೀವನದ ಕೊನೆಯ ವರ್ಷಗಳ ಸಂಗತಿಯೊಂದು ಕನ್ನಡ ನಾಡಿಗೆ ಹತ್ತಿರವಾದದ್ದು. 1909ರಲ್ಲಿ ಅವನು ಫ್ರೆಡರಿಕ್ ಮೆಕೆ ಎಂಬ ತರುಣ ವೈದ್ಯನ ಕರೆಯ ಮೇರೆಗೆ ಕೊಲರಾಡೊ ಪ್ರಾಂತಕ್ಕೆ ಹೋಗಿ, ಅಲ್ಲಿಯ ಜನರ ಹಲ್ಲುಗಳ ಮೇಲಿನ ಕಂದು ಕಲೆಗಳನ್ನು ಪರಿಶೀಲಿಸಿದನು. ಕಲೆ ಬಿದ್ದ ಆ ಹಲ್ಲುಗಳು ಹುಳುಕನ್ನು ತಡೆಯುವುವೆಂಬುದನ್ನು ಕಂಡು ಆಶ್ಚರ್ಯಪಟ್ಟನು. ಕಾರಣವು ನೀರಿನಲ್ಲಿದ್ದ ಫ್ಲೋರೈಡ್ ಎಂಬುದು ಅವನು ತೀರಿಕೊಂಡ ಹದಿನಾರು ವರ್ಷಗಳ ಮೇಲೆ, 1931ರಲ್ಲಿ, ಬೆಳಕಿಗೆ ಬಂದಿತು. ಕಡಿಯುವ ವಿದ್ಯೆಗೆ ಶಾಸ್ತ್ರ ಬರೆದವನೇ, ಕಡಿಯುವ ಅಗತ್ಯವನ್ನು ತಪ್ಪಿಸುವ ದ್ರವ್ಯದ ಹೊಸ್ತಿಲಲ್ಲಿ ನಿಂತಿದ್ದನು.

ಪಾವಗಡದಲ್ಲಿ, ಕೋಲಾರ ಚಿಕ್ಕಬಳ್ಳಾಪುರಗಳ ಆಳ ಬೋರ್‌ವೆಲ್ಲಿನ ಊರುಗಳಲ್ಲಿ ಅದೇ ಕಲೆಯನ್ನು ಹೊತ್ತು ನಗಲು ಸಂಕೋಚಪಡುವ ಮಕ್ಕಳನ್ನು ನಾನು ಕಂಡಿದ್ದೇನೆ. ಹಿಂದೆ ಇಂಥ ಹಲ್ಲುಗಳನ್ನು ಅರೆದು ಮೇಲೆ ಹೊಸ ಹೊದಿಕೆ ಹಾಕುವುದೊಂದೇ ಉಪಾಯವೆನಿಸಿತ್ತು. ಈಗ ಎನಾಮೆಲ್ಲಿನ ಸೂಕ್ಷ್ಮರಂಧ್ರಗಳೊಳಕ್ಕೆ ತೆಳುವಾದ ರಾಳವನ್ನು ಇಂಗಿಸುವ, ಜರ್ಮನಿಯಲ್ಲಿ ಸಿದ್ಧವಾದ ಕ್ರಮವೊಂದಿದೆ; ಬಿಳಿ ಮಚ್ಚೆಯ ಆರಂಭದ ಹುಳುಕಿಗೆಂದು ಹುಟ್ಟಿದ ಅದು ತೆಳು ಕಲೆಗಳನ್ನೂ ಬಹುಮಟ್ಟಿಗೆ ಮರೆಸುವುದು. ಬೆಲೆ ಹೆಚ್ಚು, ಗಾಢವಾದ ಕಲೆಗೆ ಸಾಲದು. ಆ ಮಕ್ಕಳಿಗೆ ಮೊದಲು ಬೇಕಾದದ್ದು ಒಳ್ಳೆಯ ಕುಡಿಯುವ ನೀರು.

ಕೊರೆಯದೆ ಹಲ್ಲನ್ನು ಕಾಪಾಡುವ ಇಂಥ ವಿದ್ಯೆ ನಿಧಾನವಾಗಿ ಹರಡುತ್ತಿರುವುದಕ್ಕೆ ಕಾರಣ ಅಜ್ಞಾನವೊಂದೇ ಅಲ್ಲ. ತುಂಬಿಸಿದ ಹಲ್ಲಿಗೆ ಶುಲ್ಕವುಂಟು, ತುಂಬಿಸದೆ ಕಾಪಾಡಿದ ಹಲ್ಲಿಗೆ ಇಂತಿಷ್ಟೆಂಬ ದರವಿಲ್ಲ. ಪರೀಕ್ಷೆಯಲ್ಲಿ ವಿದ್ಯಾರ್ಥಿ ಕೊರೆದ ಕುಳಿಗೆ ಅಂಕವುಂಟು, ಕೊರೆಯದೆ ಕೈತಡೆದ ವಿವೇಚನೆಗೆ ಅಂಕ ಕೊಡುವುದು ಕಷ್ಟ. ರೋಗಿಗಳಾದ ನಾವೂ ಹಾಗೆಯೇ. ಏನಾದರೂ ಮಾಡಿ ಕಳುಹಿಸಿದ ವೈದ್ಯರನ್ನೇ ಮೆಚ್ಚುತ್ತೇವೆ.

ಎರಡು ವಾರದ ಮೇಲೆ ಹುಡುಗಿಯನ್ನು ಮತ್ತೆ ಕರೆದುಕೊಂಡು ಹೋದೆವು. ಮೊದಲೆರಡು ದಿನ ಟೋಪಿ ಎತ್ತರವಾಗಿ ಉಳಿದ ಹಲ್ಲುಗಳು ಕೂಡುತ್ತಿರಲಿಲ್ಲ. ಈಗ ದವಡೆ ತಾನೇ ಹೊಂದಿಕೊಂಡಿತ್ತು. ಅವಳು ಕೈಗನ್ನಡಿ ಹಿಡಿದು, ತುಟಿಯನ್ನು ಬೆರಳಿನಿಂದ ಎಳೆದು, "ನನ್ನ ಬೆಳ್ಳಿ ಹಲ್ಲು" ಎಂದು ಆನೆಗೆ ತೋರಿಸುತ್ತಿದ್ದಳು.

ತಂಗಿ ತಡೆಯಲಾರದೆ ತಾನೂ ಕುರ್ಚಿಯಲ್ಲಿ ಕುಳಿತಳು. "ನನ್ನದೂ ಒಂದು ನೋಡಿಬಿಡಿ ಡಾಕ್ಟ್ರೇ, ಈ ಕಡೆ ಕಪ್ಪಗಾಗಿದೆ." ವೈದ್ಯೆ ಗಾಳಿ ಊದಿ ಹಲ್ಲನ್ನು ಒಣಗಿಸಿ, ಪುಟ್ಟ ಕನ್ನಡಿ ಹಿಡಿದು, ದೀಪವನ್ನು ಎರಡು ಸಲ ಸರಿಸಿ ಬಹಳ ಹೊತ್ತು ನೋಡಿದರು, ಗುಂಡುಮೊನೆಯ ಕಡ್ಡಿಯನ್ನು ಸೀಳಿನುದ್ದಕ್ಕೂ ಹಗುರವಾಗಿ ಎಳೆದರು.

"ಕಪ್ಪಗಿದೆ ಅಷ್ಟೇ ಅಮ್ಮ, ಗಟ್ಟಿಯಾಗಿದೆ. ಮುಟ್ಟೋದು ಬೇಡ. ಗುರುತು ಬರ್ಕೊಂಡಿದೀನಿ, ಗೌರಿಹಬ್ಬದ ಹೊತ್ತಿಗೆ ಒಂದ್ಸಲ ಬನ್ನಿ, ಮತ್ತೆ ನೋಡೋಣ."

"ಹಾಗಾದರೆ ಏನೂ ಮಾಡಲೇ ಇಲ್ವಲ್ಲ. ದುಡ್ಡೆಷ್ಟು ಕೊಡಲಿ?"

"ನೋಡಿದೆನಲ್ಲ ಅಮ್ಮ, ಅದಕ್ಕೆ ಕೊಡಿ."

ತಂಗಿ ಒಂದು ಕ್ಷಣ ಅವರ ಮುಖವನ್ನೇ ನೋಡಿ, ಸೆರಗಿನ ಮರೆಯಿಂದ ಪರ್ಸನ್ನು ತೆಗೆದಳು.